ಅಮೆರಿಕದ ಚರಿತ್ರೆ: ಯಾರ ಮಾತು ನಂಬಬೇಕು?

(ಜಿಲ್ಲಾ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಶಿಬಿರದ ಸಂಚಾಲಕರು ನನಗೆ ಒಪ್ಪಿಸಿದ ವಿಷಯ ಅಮೆರಿಕದ ಚರಿತ್ರೆ. ಅಷ್ಟು ದೊಡ್ಡ ದೇಶದ ಚರಿತ್ರೆಯನ್ನು ಮುಕ್ಕಾಲು ಗಂಟೆಯಲ್ಲಿ ಹೇಳಿ ಮುಗಿಸುತ್ತೇನೆಂದು ಹೊರಟರೆ ಅದು ನಿಮಗೂ ಮೋಸ, ಚರಿತ್ರೆಗೂ ಮೋಸ. ಅದರ ಬದಲು, ಆ ಚರಿತ್ರೆಯನ್ನು ನಾವೇ ಓದಿ ತಿಳಿಯಬೇಕಾದರೆ ಯಾವ ಆಧಾರಗಳನ್ನು ಹಿಡಿಯಬೇಕು, ಯಾವುದನ್ನು ಎಷ್ಟು ನಂಬಬೇಕು ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಮಾತಾಡುತ್ತೇನೆ. ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನಾನು ತಲೆ ತಗ್ಗಿಸಬೇಕಾಗಿ ಬಂದ ಒಂದು ಪ್ರಸಂಗದಿಂದ ಹುಟ್ಟಿದ್ದು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಮೇ ದಿನದ ಸಭೆಯಲ್ಲಿ, ಅಬ್ರಹಾಂ ಲಿಂಕನ್ ಹೇಳಿದ್ದೆಂದು ಒಂದು ಮಾತನ್ನು ಗಂಟಲು ಏರಿಸಿ ಸಾರಿದೆ. ಯುದ್ಧದ ಫಲವಾಗಿ ಕಂಪನಿಗಳು ಸಿಂಹಾಸನ ಏರಿವೆ, ಇನ್ನು ಮುಂದೆ ಹಣದ ಬಲವೇ ದೇಶವನ್ನು ಆಳುತ್ತದೆ, ಸಂಪತ್ತೆಲ್ಲ ಕೆಲವರ ಕೈ ಸೇರಿ ಗಣರಾಜ್ಯ ನಾಶವಾಗುತ್ತದೆ ಎಂಬ ಅರ್ಥದ ಮಾತು ಅದು. ಒಳ್ಳೆಯ ಚಪ್ಪಾಳೆಯೇ ಬಿತ್ತು. ಸಭೆ ಮುಗಿದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಹತ್ತಿರ ಬಂದು, "ಮಾತು ಚೆನ್ನಾಗಿತ್ತಪ್ಪ. ಲಿಂಕನ್ ಅದನ್ನ ಯಾವತ್ತು ಹೇಳಿದ್ದು? ಯಾರಿಗೆ ಹೇಳಿದ್ದು?" ಎಂದು ಕೇಳಿದರು.

"ಎಲ್ಲ ಕಡೆಯೂ ಇದೆ ಮೇಷ್ಟ್ರೇ" ಎಂದೆ.

"ಎಲ್ಲ ಕಡೆ ಇರೋದು ಬೇಡ. ಒಂದು ಕಡೆ ಇರೋದು ತೋರಿಸು ಸಾಕು" ಎಂದರು.

ತೋರಿಸಲು ಹೊರಟೆ. ಲಿಂಕನ್ನನ ಭಾಷಣ, ಪತ್ರ, ಟಿಪ್ಪಣಿಗಳನ್ನೆಲ್ಲ ರಾಯ್ ಬಾಸ್ಲರ್ ಎಂಬ ವಿದ್ವಾಂಸರು ಸಂಪಾದಿಸಿ, ೧೯೫೩ರಿಂದ ೧೯೫೫ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟಿಸಿದ್ದಾರೆ. ಮಿಷಿಗನ್ ವಿಶ್ವವಿದ್ಯಾಲಯದವರು ಅವನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದ್ದಾರೆ. ಹುಡುಕಿದೆ. ಆ ಮಾತು ಅಲ್ಲಿ ಇಲ್ಲ. ಲಿಂಕನ್ ಕೊಲೆಯಾದದ್ದು ೧೮೬೫ರಲ್ಲಿ. ಆ ಮಾತು ಜನರ ನಡುವೆ ಓಡಾಡತೊಡಗಿದ್ದು ಅವನು ಸತ್ತು ಇಪ್ಪತ್ತು ವರ್ಷ ಕಳೆದ ಮೇಲೆ, ಕಂಪನಿಗಳ ವಿರುದ್ಧ ರೈತರ ಚಳವಳಿ ಎದ್ದ ಕಾಲದಲ್ಲಿ. ಲಿಂಕನ್ನನ ಕಾರ್ಯದರ್ಶಿಯಾಗಿದ್ದ ಜಾನ್ ನಿಕೊಲೆ ಆಗಲೇ ಅದನ್ನು ಖೋಟಾ ಎಂದು ಸಾರಿದ್ದ. ಮಗ ರಾಬರ್ಟ್ ಕೂಡ ಅದನ್ನು ಒಪ್ಪಲಿಲ್ಲ. ಅಂದರೆ ನೂರು ವರ್ಷದ ಹಿಂದೆಯೇ ಬಯಲಾಗಿದ್ದ ಸುಳ್ಳನ್ನು ನಾನು ನಮ್ಮ ಜಿಲ್ಲೆಯ ಕೂಲಿಕಾರರ ಮುಂದೆ ಸತ್ಯವೆಂದು ಮಾರಿದ್ದೆ!

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಅದೇ ಸಂಪುಟಗಳಲ್ಲಿ, ೧೮೬೧ರ ಡಿಸೆಂಬರ್ ೩ರಂದು ಲಿಂಕನ್ ಅಮೆರಿಕದ ಕಾಂಗ್ರೆಸ್ಸಿಗೆ, ಅಂದರೆ ಅವರ ಪಾರ್ಲಿಮೆಂಟಿಗೆ, ಕಳಿಸಿದ ಸಂದೇಶ ಇದೆ. ದುಡಿಮೆ ಬಂಡವಾಳಕ್ಕಿಂತ ಮೊದಲಿನದು, ಬಂಡವಾಳ ದುಡಿಮೆಯ ಫಲ, ದುಡಿಮೆಗೇ ಹೆಚ್ಚಿನ ಮನ್ನಣೆ ಸಲ್ಲಬೇಕು ಎಂದು ಅಲ್ಲಿ ನೇರವಾಗಿ ಹೇಳಿದ್ದಾನೆ. ನಿಜವಾದ ಮಾತು ಕೈಗೆಟಕುವಂತೆ ಇದ್ದಾಗ ನಾನು ಖೋಟಾ ಮಾತನ್ನು ಹಿಡಿದಿದ್ದೆ. ಹಾಗೆಂದು ಈ ನಿಜವಾದ ಮಾತನ್ನೂ ಅರ್ಧಕ್ಕೆ ಕತ್ತರಿಸಿ ಹೇಳಕೂಡದು. ಬಂಡವಾಳಕ್ಕೂ ಹಕ್ಕುಗಳಿವೆ, ಅವಕ್ಕೂ ರಕ್ಷಣೆ ಬೇಕು, ಇವತ್ತು ಕೂಲಿ ಮಾಡುವವನು ಉಳಿಸಿ ನಾಳೆ ಸ್ವಂತ ಜಮೀನಿನ ಒಡೆಯನಾಗಬಹುದು ಎಂದೂ ಅದೇ ಸಂದೇಶದಲ್ಲಿ ಇದೆ. ಲಿಂಕನ್ ಸಮಾಜವಾದಿಯಲ್ಲ. ಪೂರ್ತಿ ಓದಿದವನಿಗೆ ಅದು ತಿಳಿಯುತ್ತದೆ. ಅವನನ್ನು ನಮ್ಮವನೆಂದು ಎಳೆದುಕೊಳ್ಳುವ ಅಗತ್ಯ ನಮಗೇನೂ ಇಲ್ಲ.

ಇದರಿಂದ ನಾನು ಕಲಿತದ್ದು ಇಷ್ಟು. ನಮಗೆ ವಿರೋಧವಾದ ಸುಳ್ಳನ್ನು ನಾವು ಬೇಗ ಹಿಡಿಯುತ್ತೇವೆ. ನಮಗೆ ಹಿತವಾದ ಸುಳ್ಳು ನಮ್ಮ ಜೇಬಿನಲ್ಲೇ ಕೂತಿರುತ್ತದೆ. ಅದನ್ನು ಹಿಡಿಯಬೇಕಾದರೆ ಪ್ರತಿಯೊಂದು ಕಾಗದಕ್ಕೂ ಮೂರು ಪ್ರಶ್ನೆ ಹಾಕಬೇಕು. ಇದನ್ನು ಬರೆದವರು ಯಾರು? ಯಾವಾಗ ಬರೆದರು? ಯಾರಿಗೆಂದು ಬರೆದರು? ಈ ಮೂರು ಪ್ರಶ್ನೆಗಳನ್ನು ಅಮೆರಿಕದ ಚರಿತ್ರೆಯ ಕೆಲವು ಕಾಗದಗಳಿಗೆ ಹಾಕಿ ನೋಡೋಣ.

ಮೊದಲು "ಯಾವಾಗ" ಎಂಬ ಪ್ರಶ್ನೆ. ೧೮೬೦ರ ಡಿಸೆಂಬರಿನಿಂದ ೧೮೬೧ರ ಜೂನಿನವರೆಗೆ ದಕ್ಷಿಣದ ಹನ್ನೊಂದು ರಾಜ್ಯಗಳು ಅಮೆರಿಕದ ಒಕ್ಕೂಟವನ್ನು ಬಿಟ್ಟು ಹೊರಬಂದು ಬೇರೆ ಸರ್ಕಾರ ಕಟ್ಟಿಕೊಂಡವು. ನಾಲ್ಕು ವರ್ಷ ಯುದ್ಧ ನಡೆದು ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಯಾತಕ್ಕಾಗಿ ಆ ಯುದ್ಧ? ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ ಎಂದು ಹೇಳುವ ಪುಸ್ತಕಗಳು ನಿಮಗೆ ರಾಶಿ ರಾಶಿ ಸಿಗುತ್ತವೆ. ಆ ದಕ್ಷಿಣದ ಸರ್ಕಾರದ ಉಪಾಧ್ಯಕ್ಷನಾಗಿದ್ದ ಅಲೆಕ್ಸಾಂಡರ್ ಸ್ಟೀಫನ್ಸ್ ಎಂಬವನು ೧೮೬೮ರಲ್ಲಿ ಮತ್ತು ೧೮೭೦ರಲ್ಲಿ ಎರಡು ದಪ್ಪ ಸಂಪುಟಗಳನ್ನು ಬರೆದು ಇದೇ ವಾದವನ್ನು ಹೂಡಿದ. ಆಗ ಅಧಿಕಾರದಲ್ಲಿದ್ದವನೇ ಬರೆದ ಮೇಲೆ ಅದಕ್ಕಿಂತ ಆಧಾರ ಬೇಕೆ ಎನ್ನಿಸಬಹುದು.

ಆದರೆ ಅದೇ ಸ್ಟೀಫನ್ಸ್ ೧೮೬೧ರ ಮಾರ್ಚ್ ೨೧ರಂದು, ಯುದ್ಧ ಇನ್ನೂ ಆರಂಭವಾಗದಿದ್ದಾಗ, ಜಾರ್ಜಿಯಾ ರಾಜ್ಯದ ಸವಾನಾ ಪಟ್ಟಣದಲ್ಲಿ ಒಂದು ಭಾಷಣ ಮಾಡಿದ್ದ. ಕಪ್ಪು ಮನುಷ್ಯ ಬಿಳಿಯನಿಗೆ ಸಮಾನನಲ್ಲ, ಗುಲಾಮಗಿರಿಯೇ ಅವನ ಸಹಜ ಸ್ಥಿತಿ, ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಇದೇ ಎಂದು ಅಲ್ಲಿ ಹೆಮ್ಮೆಯಿಂದ ಹೇಳಿದ್ದ. ಊರಿನ ಪತ್ರಿಕೆ ಅದನ್ನು ವರದಿ ಮಾಡಿತು. ಸೋತು ಸೆರೆಮನೆ ಕಂಡ ಮೇಲೆ, ಪತ್ರಿಕೆಯವನು ಸರಿಯಾಗಿ ಬರೆದುಕೊಳ್ಳಲಿಲ್ಲವೆಂದು ಗೊಣಗಿದ. ಸರಿ, ಪತ್ರಿಕೆಯವನನ್ನು ಬಿಡೋಣ. ಒಕ್ಕೂಟ ಬಿಡುವಾಗ ಸೌತ್ ಕೆರೊಲಿನಾ, ಮಿಸಿಸಿಪಿ, ಜಾರ್ಜಿಯಾ, ಟೆಕ್ಸಾಸ್ ರಾಜ್ಯಗಳ ಪ್ರತಿನಿಧಿಗಳು ತಮ್ಮ ಕಾರಣಗಳನ್ನು ತಾವೇ ಬರೆದು ಪ್ರಕಟಿಸಿದರು. ಅವು ಇಂದಿಗೂ ಇವೆ. ಮಿಸಿಸಿಪಿಯ ಘೋಷಣೆ, ನಮ್ಮ ಸ್ಥಿತಿಗತಿ ಪೂರ್ತಿಯಾಗಿ ಗುಲಾಮಗಿರಿಯ ಜೊತೆ ಬೆಸೆದಿದೆ ಎಂದು ಆರಂಭದಲ್ಲೇ ಒಪ್ಪಿಕೊಳ್ಳುತ್ತದೆ. ಗೆಲ್ಲುತ್ತೇವೆಂಬ ಭರವಸೆ ಇದ್ದಾಗ ಮನುಷ್ಯ ಬರೆಯುವುದೇ ಬೇರೆ, ಸೋತ ಮೇಲೆ ಮಾನ ಉಳಿಸಿಕೊಳ್ಳಲು ಬರೆಯುವುದೇ ಬೇರೆ. ಆದ್ದರಿಂದ ಘಟನೆ ನಡೆಯುವ ಹೊತ್ತಿನ ಕಾಗದವನ್ನು ಮೊದಲು ಓದಬೇಕು, ಆಮೇಲಿನ ಸಮರ್ಥನೆಯನ್ನು ಅದರ ಪಕ್ಕದಲ್ಲಿಟ್ಟು ಓದಬೇಕು.

ಹಾಗಾದರೆ ಸಮರ್ಥನೆಯ ಸುಳ್ಳು ಶಾಲೆಯ ಪುಸ್ತಕಕ್ಕೆ ಹೇಗೆ ಸೇರಿತು? ತಾನಾಗಿಯೇ ಸೇರಲಿಲ್ಲ, ಸೇರಿಸಿದರು. ದಕ್ಷಿಣದ ಸೈನಿಕರ ವಂಶದ ಮಹಿಳೆಯರ ಸಂಘವೊಂದು ೧೮೯೪ರಲ್ಲಿ ಹುಟ್ಟಿತು. ಆ ಸಂಘದ ಚರಿತ್ರೆಕಾರ್ತಿಯಾಗಿದ್ದ ಮಿಲ್ಡ್ರೆಡ್ ರುದರ್‌ಫರ್ಡ್ ೧೯೨೦ರ ಸುಮಾರಿಗೆ ಪಠ್ಯಪುಸ್ತಕಗಳನ್ನು ಅಳೆಯುವುದಕ್ಕೆಂದೇ ಒಂದು ಕಿರುಹೊತ್ತಗೆ ಬರೆದರು. ದಕ್ಷಿಣದವರು ಗುಲಾಮರನ್ನು ಉಳಿಸಿಕೊಳ್ಳಲು ಹೋರಾಡಿದರು ಎಂದು ಹೇಳುವ ಪುಸ್ತಕವನ್ನು ತಳ್ಳಿಹಾಕಿ, ಒಡೆಯರು ಕ್ರೂರಿಗಳಾಗಿದ್ದರು ಎನ್ನುವ ಪುಸ್ತಕವನ್ನು ತಳ್ಳಿಹಾಕಿ ಎಂದು ಶಾಲಾ ಸಮಿತಿಗಳಿಗೆ ಅದು ಬುದ್ಧಿ ಹೇಳಿತು. ಇತ್ತ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡನಿಂಗ್ ಎಂಬ ದೊಡ್ಡ ಪ್ರಾಧ್ಯಾಪಕರೂ ಅವರ ಶಿಷ್ಯರೂ, ಗುಲಾಮಗಿರಿ ಹೋದ ಮೇಲೆ ಕಪ್ಪು ಜನ ಮತ ಹಾಕಿ ಶಾಸನಸಭೆಗೆ ಬಂದ ಕಾಲವನ್ನು ಕೇವಲ ಲಂಚ ಮತ್ತು ಅವ್ಯವಸ್ಥೆಯ ಕಾಲವೆಂದು ಚಿತ್ರಿಸಿದರು. ಪುಸ್ತಕದ ತುಂಬ ಅಡಿಟಿಪ್ಪಣಿ, ಹೆಸರಿನ ಮುಂದೆ ಪದವಿ. ಐವತ್ತು ವರ್ಷ ಅದೇ ಪಾಠ ನಡೆಯಿತು.

ಕಲ್ಲಿನಲ್ಲಿ ಕೊರೆದದ್ದು, ಲೋಹದಲ್ಲಿ ಎರಕ ಹೊಯ್ದದ್ದು ಸತ್ಯವೆಂದು ನಮ್ಮಲ್ಲೊಂದು ನಂಬಿಕೆ ಇದೆ. ಲೂಯಿಸಿಯಾನಾ ರಾಜ್ಯದ ಕೋಲ್‌ಫ್ಯಾಕ್ಸ್ ಎಂಬ ಊರಿನಲ್ಲಿ ೧೮೭೩ರ ಏಪ್ರಿಲ್ ೧೩ರಂದು, ಈಸ್ಟರ್ ಹಬ್ಬದ ದಿನ, ನ್ಯಾಯಾಲಯದ ಕಟ್ಟಡವನ್ನು ಕಾಯುತ್ತಿದ್ದ ಕಪ್ಪು ಜನರ ಮೇಲೆ ಬಿಳಿಯರ ಶಸ್ತ್ರಧಾರಿ ಗುಂಪೊಂದು ಬಿತ್ತು. ಶರಣಾದವರನ್ನೂ ಕೊಂದರು. ಸುಮಾರು ಎಂಬತ್ತು ವರ್ಷದ ಮೇಲೆ ಸರ್ಕಾರ ಅಲ್ಲಿ ನಿಲ್ಲಿಸಿದ ಫಲಕ ಅದನ್ನು ಒಂದು "ದಂಗೆ" ಎಂದು ಕರೆಯಿತು. ಸತ್ತವರು ಮೂವರು ಬಿಳಿಯರು, ೧೫೦ ಮಂದಿ ಕಪ್ಪು ಜನ ಎಂದು ಲೆಕ್ಕ ಕೊಟ್ಟು, ಇದರಿಂದ ದಕ್ಷಿಣದಲ್ಲಿ ದುರಾಡಳಿತ ಕೊನೆಗೊಂಡಿತು ಎಂದು ಸಂತೋಷಪಟ್ಟಿತು. ಆ ಫಲಕವನ್ನು ಕಿತ್ತದ್ದು ೨೦೨೧ರಲ್ಲಿ. ಆದರೆ ಫಲಕದ ಲೆಕ್ಕವನ್ನೇ ಮತ್ತೊಮ್ಮೆ ನೋಡಿ. ಮೂರಕ್ಕೆ ನೂರೈವತ್ತು ಸತ್ತರೆ ಅದನ್ನು ದಂಗೆ ಎನ್ನುತ್ತಾರೆಯೆ? ಸುಳ್ಳು ಹೇಳುವ ಕಾಗದದಲ್ಲೂ ಎಲ್ಲೋ ಒಂದು ಕಡೆ ಸತ್ಯ ಇಣುಕುತ್ತದೆ. ಅದನ್ನು ಕಾಣುವ ಕಣ್ಣು ಬೇಕು.

ಈ ಪಾಠಪುಸ್ತಕದ ಕೋಟೆಗೆ ಎದುರಾಗಿ ನಿಂತವರು ಕಪ್ಪು ಜನರ ಮಹಾವಿದ್ವಾಂಸ ಡಬ್ಲ್ಯು. ಇ. ಬಿ. ಡು ಬೊಯಿಸ್. ೧೯೩೫ರಲ್ಲಿ ಪ್ರಕಟವಾದ ಅವರ ಗ್ರಂಥ, ಅದೇ ಕಾಲದಲ್ಲಿ ಕಪ್ಪು ಜನ ಶಾಲೆಗಳನ್ನು ಕಟ್ಟಿದ್ದನ್ನೂ ಹೊಸ ಸಂವಿಧಾನಗಳನ್ನು ಬರೆದದ್ದನ್ನೂ ತೋರಿಸಿತು. ಅದರ ಕೊನೆಯ ಅಧ್ಯಾಯ, ಚರಿತ್ರೆಯನ್ನು ಪ್ರಚಾರವನ್ನಾಗಿ ಮಾಡಿದವರ ಪುಸ್ತಕಗಳನ್ನು ಒಂದೊಂದಾಗಿ ಹೆಸರಿಸಿ ವಿಚಾರಿಸುತ್ತದೆ. ವಿದ್ವಾಂಸರ ಲೋಕ ಇದನ್ನು ಒಪ್ಪಲು ಇನ್ನೂ ಕಾಲು ಶತಮಾನ ಬೇಕಾಯಿತು. ಪದವಿ, ವಿಶ್ವವಿದ್ಯಾಲಯ, ಅಡಿಟಿಪ್ಪಣಿ ಇವು ಆಧಾರದ ಹೊರಗುರುತುಗಳು. ಅಡಿಟಿಪ್ಪಣಿ ತೋರಿಸುವ ಕಾಗದಕ್ಕೇ ಹೋಗಿ ನೋಡಿದಾಗ ಮಾತ್ರ ಅದರ ತೂಕ ತಿಳಿಯುತ್ತದೆ.

ಈಗ "ಯಾರು ಬರೆದರು" ಎಂಬ ಪ್ರಶ್ನೆ. ನಮ್ಮ ಕಡೆ ಗೇಣಿ ಕಾನೂನು ಬರುವ ಮುಂಚೆ ಎಷ್ಟೋ ಊರುಗಳಲ್ಲಿ ತಲೆಮಾರುಗಟ್ಟಲೆ ಉತ್ತವನ ಹೆಸರು ಪಹಣಿಯಲ್ಲಿ ಇರುತ್ತಿರಲಿಲ್ಲ, ಧಣಿಯ ಹೆಸರು ಇರುತ್ತಿತ್ತು. ಕಾಗದ ನಂಬಿದರೆ ಆ ಗದ್ದೆಯನ್ನು ಧಣಿಯೇ ಉತ್ತ ಹಾಗಾಯಿತು. ಅಮೆರಿಕದ ೧೮೫೦ ಮತ್ತು ೧೮೬೦ರ ಜನಗಣತಿಯಲ್ಲಿ ಗುಲಾಮರಿಗೆಂದು ಬೇರೆ ಪಟ್ಟಿ ಇತ್ತು. ಒಡೆಯನ ಹೆಸರು ಬರೆದು, ಕೆಳಗೆ ಗುಲಾಮರ ವಯಸ್ಸು, ಗಂಡು ಅಥವಾ ಹೆಣ್ಣು, ಮೈಬಣ್ಣ ಇಷ್ಟನ್ನೇ ತುಂಬಿದರು. ಹೆಸರು ಇಲ್ಲ. ೧೮೬೦ರಲ್ಲಿ ಸುಮಾರು ೪೦ ಲಕ್ಷ ಜನ ಹೀಗೆ ಹೆಸರಿಲ್ಲದೆ ಎಣಿಕೆಯಾದರು. ಅವರಲ್ಲಿ ಬಹುಪಾಲಿನವರ ಹೆಸರು ಜನಗಣತಿಯ ಕಾಗದಕ್ಕೆ ಬಂದದ್ದು ೧೮೭೦ರಲ್ಲಿ, ಬಿಡುಗಡೆಯಾದ ಮೇಲೆ.

ಹಾಗಾದರೆ ಅವರ ಚರಿತ್ರೆಯನ್ನು ಎಲ್ಲಿ ಹುಡುಕುವುದು? ಮೊದಲನೆಯದಾಗಿ, ಒಡೆಯನ ಕಾಗದದಲ್ಲೇ ಹುಡುಕಬಹುದು. ಗುಲಾಮ ಓಡಿಹೋದರೆ ಒಡೆಯ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದ. ಹಿಡಿದುಕೊಡಬೇಕಾದರೆ ಗುರುತು ಹೇಳಲೇಬೇಕಲ್ಲ! ಬೆನ್ನ ಮೇಲೆ ಚಾಟಿಯ ಬಾಸುಂಡೆ, ಕೆನ್ನೆಯ ಮೇಲೆ ಕಾದ ಕಬ್ಬಿಣದ ಬರೆ, ಕುತ್ತಿಗೆಗೆ ಕಬ್ಬಿಣದ ಪಟ್ಟಿ, ಹೆಂಡತಿ ಇಂಥ ಊರಿನಲ್ಲಿದ್ದಾಳೆ, ಅಲ್ಲಿಗೇ ಹೋಗಿರಬಹುದು ಎಂದೆಲ್ಲ ಬರೆಯುತ್ತಿದ್ದರು. ಥಿಯೊಡೋರ್ ವೆಲ್ಡ್, ಅವನ ಹೆಂಡತಿ ಆಂಜಲೀನಾ ಗ್ರಿಮ್ಕೆ, ಅವಳ ಅಕ್ಕ ಸಾರಾ ಗ್ರಿಮ್ಕೆ, ಈ ಮೂವರು ದಕ್ಷಿಣದ ಸಾವಿರಾರು ಪತ್ರಿಕೆಗಳನ್ನು ಕೂತು ಓದಿ, ಇಂಥ ಜಾಹೀರಾತುಗಳನ್ನು ಕತ್ತರಿಸಿ ಜೋಡಿಸಿ, ೧೮೩೯ರಲ್ಲಿ ಒಂದು ಪುಸ್ತಕ ಮಾಡಿದರು. ಗುಲಾಮಗಿರಿ ಕ್ರೂರವೆಂದು ತಾವು ಹೇಳುವ ಬದಲು ಒಡೆಯರ ಬಾಯಿಂದಲೇ ಹೇಳಿಸಿದರು. ತಮ್ಮ ಜಾಹೀರಾತನ್ನು ತಾವೇ ಸುಳ್ಳೆನ್ನಲು ಒಡೆಯರಿಗೆ ಆಗುವಂತಿರಲಿಲ್ಲ.

ಎರಡನೆಯದಾಗಿ, ಬಿಡುಗಡೆಯಾದವರಿಗೆಂದು ೧೮೬೫ರಲ್ಲಿ ತೆರೆದ ಉಳಿತಾಯ ಬ್ಯಾಂಕಿನ ಕಡತಗಳು. ಆ ಬ್ಯಾಂಕು ೧೮೭೪ರಲ್ಲಿ ಮುಳುಗಿತು. ೬೦ ಸಾವಿರಕ್ಕೂ ಹೆಚ್ಚು ಬಡವರ ಸುಮಾರು ೩೦ ಲಕ್ಷ ಡಾಲರ್ ಅದರಲ್ಲಿ ಸಿಕ್ಕಿಕೊಂಡಿತ್ತು. ಆದರೆ ಖಾತೆ ತೆರೆಯುವಾಗ ಗುಮಾಸ್ತರು ತಂದೆತಾಯಿಯ ಹೆಸರು, ಹಳೆಯ ಒಡೆಯನ ಹೆಸರು, ಮಾರಿಹೋದ ಅಣ್ಣತಮ್ಮಂದಿರ ಹೆಸರು ಬರೆದುಕೊಂಡಿದ್ದರು. ಹಣ ತಿಂದ ಬ್ಯಾಂಕಿನ ದಫ್ತರದಲ್ಲಿ ಒಂದು ಜನಾಂಗದ ಸಂಸಾರಗಳ ನೆನಪು ಉಳಿದುಕೊಂಡಿತು.

ಮೂರನೆಯದಾಗಿ, ಅವರದೇ ಮಾತು. ೧೯೩೬ರಿಂದ ೧೯೩೮ರವರೆಗೆ ಅಮೆರಿಕ ಸರ್ಕಾರ, ನಿರುದ್ಯೋಗಿ ಬರಹಗಾರರಿಗೆ ಕೆಲಸ ಕೊಡುವ ಯೋಜನೆಯಲ್ಲಿ, ಬದುಕುಳಿದಿದ್ದ ಹಳೆಯ ಗುಲಾಮರನ್ನು ಮಾತಾಡಿಸಿ ಬರೆಸಿತು. ೨,೩೦೦ಕ್ಕೂ ಹೆಚ್ಚು ಜನರ ಹೇಳಿಕೆಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆಹಾ, ಇದೀಗ ನಂಬಲರ್ಹ ಆಧಾರ ಎಂದು ಹಿಗ್ಗುವ ಮುನ್ನ ಮೂರನೆಯ ಪ್ರಶ್ನೆ ಕೇಳಬೇಕು. ಯಾರಿಗೆ ಹೇಳಿದ್ದು?

ಚಾರ್ಲ್ಸ್‌ಟನ್ ಪಟ್ಟಣದ ಸೂಸನ್ ಹ್ಯಾಮ್ಲಿನ್ ಎಂಬ ಮುದುಕಿಯ ಹೇಳಿಕೆ ಎರಡು ಸಲ ದಾಖಲಾಗಿದೆ. ಒಮ್ಮೆ ಮಾತಾಡಿಸಿದವಳು ಬಿಳಿಯ ಹೆಂಗಸು. ಸರ್ಕಾರದ ಸಹಾಯಧನದ ಕಚೇರಿಯಿಂದ ಬಂದವಳೆಂದು ಅಜ್ಜಿ ತಿಳಿದಿದ್ದಳು. ಅವಳೆದುರು, ನಮ್ಮ ಒಡೆಯ ಒಳ್ಳೆಯವನು, ನಮಗೆ ಏನೂ ಕಡಿಮೆ ಮಾಡಲಿಲ್ಲ ಎಂದಳು. ಇನ್ನೊಮ್ಮೆ ಮಾತಾಡಿಸಿದವನು ಕಪ್ಪು ಮನುಷ್ಯ. ಅವನೆದುರು, ಹರಾಜಿನಲ್ಲಿ ತಾಯಿಮಕ್ಕಳನ್ನು ಅಗಲಿಸಿದಾಗ ಎದ್ದ ಗೋಳು, ಚಾಟಿ ಏಟು ಎಲ್ಲವನ್ನೂ ಹೇಳಿದಳು. ಒಂದೇ ಬಾಯಿ, ಎರಡು ಕಥೆ. ಅಜ್ಜಿ ಸುಳ್ಳಿ ಎನ್ನುತ್ತೀರಾ? ಧಣಿಯ ಮನೆಯವರು ಬಂದು ಕೇಳಿದಾಗ ಒಕ್ಕಲು ಏನು ಹೇಳುತ್ತಾನೆ, ತನ್ನ ಓಣಿಯವರ ಮುಂದೆ ಏನು ಹೇಳುತ್ತಾನೆ ಎಂಬುದನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಸಂಗ್ರಹಕ್ಕೆ ಮಾತಾಡಿಸಿದವರಲ್ಲಿ ಹೆಚ್ಚಿನವರು ಬಿಳಿಯರೇ. ಅದನ್ನು ಮನಸ್ಸಿನಲ್ಲಿಟ್ಟು ಓದಿದರೆ ಆ ಹೇಳಿಕೆಗಳು ಬೆಲೆಯುಳ್ಳವು. ಮರೆತು ಓದಿದರೆ, ಗುಲಾಮಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರೆಂದು ಬರೆಯಲು ಅವೇ ಸಾಕು.

ಮೇ ದಿನದ ಮಾತಿನಿಂದ ಆರಂಭಿಸಿದೆನಾದ್ದರಿಂದ ಅದರ ಮೂಲಕ್ಕೂ ಒಮ್ಮೆ ಹೋಗೋಣ. ೧೮೮೬ರ ಮೇ ೧ರಂದು ಎಂಟು ಗಂಟೆಯ ದುಡಿಮೆಗಾಗಿ ಅಮೆರಿಕದಲ್ಲಿ ಮುಷ್ಕರ ಆರಂಭವಾಯಿತು. ಮೇ ೪ರ ರಾತ್ರಿ ಷಿಕಾಗೊ ನಗರದ ಹೇಮಾರ್ಕೆಟ್ ಸಭೆಯಲ್ಲಿ ಯಾರೋ ಬಾಂಬು ಎಸೆದರು. ಏಳು ಮಂದಿ ಪೊಲೀಸರು ಸತ್ತರು, ಪೊಲೀಸರ ಗುಂಡಿಗೆ ಸಭಿಕರೂ ಸತ್ತರು. ಎಂಟು ಮಂದಿಯ ಮೇಲೆ ಮೊಕದ್ದಮೆ ನಡೆದು, ೧೮೮೭ರ ನವೆಂಬರ್ ೧೧ರಂದು ನಾಲ್ವರನ್ನು ಗಲ್ಲಿಗೇರಿಸಿದರು. ಒಬ್ಬ ಸೆರೆಮನೆಯಲ್ಲೇ ಪ್ರಾಣ ಬಿಟ್ಟಿದ್ದ. ಬಾಂಬು ಎಸೆದವನು ಯಾರೆಂದು ಇಂದಿಗೂ ಸಿದ್ಧವಾಗಿಲ್ಲ. ಆ ಕಾಲದ ಪತ್ರಿಕೆಗಳನ್ನು ಮಾತ್ರ ಓದಿದರೆ ಎಂಟು ಮಂದಿಯೂ ರಾಕ್ಷಸರು. ತೀರ್ಪನ್ನು ಮಾತ್ರ ಓದಿದರೆ ಅಪರಾಧಿಗಳು. ಆದರೆ ಇಲಿನಾಯ್ ರಾಜ್ಯದ ಗವರ್ನರ್ ಜಾನ್ ಆಲ್ಟ್‌ಗೆಲ್ಡ್ ಸಾಕ್ಷಿಗಳ ಹೇಳಿಕೆಯ ಕಡತವನ್ನೇ ತರಿಸಿ ಓದಿದ. ಜ್ಯೂರಿಯನ್ನು ಬೇಕೆಂದೇ ಪಕ್ಷಪಾತಿಗಳಿಂದ ತುಂಬಿದ್ದರು, ಬಾಂಬು ಎಸೆದವನಿಗೂ ಇವರಿಗೂ ಸಂಬಂಧ ತೋರಿಸುವ ಸಾಕ್ಷ್ಯವೇ ಇರಲಿಲ್ಲ ಎಂದು ಕಾರಣ ಸಹಿತ ಬರೆದು, ೧೮೯೩ರ ಜೂನ್ ೨೬ರಂದು ಉಳಿದ ಮೂವರನ್ನು ಬಿಡಿಸಿದ. ಪತ್ರಿಕೆಗಳು ಅವನ ಮೇಲೆ ಬೆಂಕಿ ಕಾರಿದವು. ೧೮೯೬ರ ಚುನಾವಣೆಯಲ್ಲಿ ಸೋತ. ಮೂಲ ಕಡತ ಓದಿದ್ದಕ್ಕೆ ಅಷ್ಟು ಬೆಲೆ ತೆರಬೇಕಾಯಿತು.

ಕೆಲವು ಸಲ ಕಾಗದವನ್ನೇ ಇಲ್ಲದಂತೆ ಮಾಡುತ್ತಾರೆ. ೧೯೨೧ರ ಮೇ ೩೧ ಮತ್ತು ಜೂನ್ ೧ರಂದು ಒಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ಬಿಳಿಯರ ಗುಂಪು ಗ್ರೀನ್‌ವುಡ್ ಎಂಬ ಕಪ್ಪು ಜನರ ಬಡಾವಣೆಯನ್ನು ಸುಟ್ಟು ಬೂದಿ ಮಾಡಿತು. ಅದಕ್ಕೆ ಕಿಡಿ ಹೊತ್ತಿಸಿದ್ದು ಊರಿನ ಒಂದು ಪತ್ರಿಕೆಯ ಮೇ ೩೧ರ ಸುದ್ದಿ. ಆ ಪತ್ರಿಕೆಯ ಹಳೆಯ ಕಟ್ಟನ್ನು ಮುಂದೆ ಮೈಕ್ರೋಫಿಲ್ಮ್ ಮಾಡುವ ಹೊತ್ತಿಗೆ, ಮುಖಪುಟದ ಆ ಸುದ್ದಿಯನ್ನು ಯಾರೋ ಹರಿದಿದ್ದರು. ಸಂಪಾದಕೀಯ ಪುಟವೂ ಬಹುಪಾಲು ಹೋಗಿತ್ತು. ರಾಜ್ಯ ಸರ್ಕಾರ ನೇಮಿಸಿದ ಆಯೋಗ ವರದಿ ಕೊಟ್ಟದ್ದು ೨೦೦೧ರಲ್ಲಿ, ಎಂಬತ್ತು ವರ್ಷದ ಮೇಲೆ. ಹರಿದ ಪುಟವೂ ಒಂದು ಸಾಕ್ಷಿಯೇ. ಯಾರಿಗೋ ಅದರ ಭಯ ಇತ್ತೆಂದು ಅದು ಹೇಳುತ್ತದೆ.

ಇಲ್ಲಿ ನಮಗೆ ಹತ್ತಿರದ ಒಂದು ಸಂಗತಿ ಹೇಳುತ್ತೇನೆ. ೧೯೫೧ರಲ್ಲಿ ಕಾಗೋಡಿನ ಗೇಣಿದಾರರ ಪರವಾಗಿ ಬಂದು ಬಂಧನಕ್ಕೊಳಗಾದ ಲೋಹಿಯಾ ಅವರು, ೧೯೬೪ರ ಮೇ ಕೊನೆಯಲ್ಲಿ ಮಿಸಿಸಿಪಿ ರಾಜ್ಯದ ಜಾಕ್ಸನ್ ಪಟ್ಟಣದಲ್ಲಿ, ಬಿಳಿಯರಿಗೆ ಮಾತ್ರ ಊಟ ಬಡಿಸುವ ಹೋಟೆಲೊಂದಕ್ಕೆ ಹೋಗಿ ಪೊಲೀಸರ ವಶವಾದರು. ಇದನ್ನು ನಾವೆಲ್ಲ ಭಾಷಣಗಳಲ್ಲಿ ಕೇಳಿ ಬಲ್ಲೆವು. ಆದರೆ ಕೇಳಿ ಬಲ್ಲೆವು ಎಂದರೆ ಸಾಲದು. ಆ ವಾರದ ಅಮೆರಿಕದ ಪತ್ರಿಕೆಗಳಲ್ಲಿ ಸುದ್ದಿ ಬಂದಿದೆ. ಅದನ್ನು ತೆರೆದು ಓದಿದವನು ಮಾತ್ರ ಇದನ್ನು ಧೈರ್ಯವಾಗಿ ಹೇಳಬಹುದು.

ಅದೇ ಮಿಸಿಸಿಪಿಯಲ್ಲಿ ಆಗ ನಾಗರಿಕ ಹಕ್ಕಿನ ಹೋರಾಟಗಾರರ ಮೇಲೆ ಬೇಹು ನಡೆಸಲು, ೧೯೫೬ರಲ್ಲಿ ಶಾಸನ ಮಾಡಿ ಹುಟ್ಟಿಸಿದ ಒಂದು ಸರ್ಕಾರಿ ಆಯೋಗವೇ ಇತ್ತು. ೧೯೭೭ರಲ್ಲಿ ಅದನ್ನು ಮುಚ್ಚಿ, ಕಡತಗಳನ್ನು ಐವತ್ತು ವರ್ಷ ಯಾರಿಗೂ ತೋರಿಸಕೂಡದೆಂದು ಬೀಗ ಹಾಕಿದರು. ಜನ ನ್ಯಾಯಾಲಯಕ್ಕೆ ಹೋಗಿ ಹೋರಾಡಿದ್ದರಿಂದ ೧೯೯೮ರಲ್ಲಿ ತೆರೆಯಬೇಕಾಯಿತು. ಒಂದು ಲಕ್ಷಕ್ಕೂ ಮೇಲ್ಪಟ್ಟ ಪುಟಗಳನ್ನು ಈಗ ಯಾರು ಬೇಕಾದರೂ ನೋಡಬಹುದು. ಅವನ್ನು ಓದುವಾಗಲೂ ಎಚ್ಚರ ಬೇಕು. ಬೇಹಿನವನು ಸಂಬಳಕ್ಕಾಗಿ ಚಾಡಿ ಬರೆದಿರುತ್ತಾನೆ. ಸರ್ಕಾರ ಯಾರ ಬೆನ್ನು ಹತ್ತಿತ್ತು ಎಂಬುದಕ್ಕೆ ಆ ಕಡತ ಗಟ್ಟಿ ಸಾಕ್ಷಿ. ಬೆನ್ನು ಹತ್ತಿಸಿಕೊಂಡವನ ನಡತೆಗೆ ಅದು ಸಾಕ್ಷಿಯಲ್ಲ.

ವಿದೇಶಾಂಗ ನೀತಿಯ ವಿಷಯಕ್ಕೆ ಅಮೆರಿಕ ಸರ್ಕಾರವೇ ೧೮೬೧ರಿಂದ ದಾಖಲೆ ಸಂಪುಟಗಳನ್ನು ಪ್ರಕಟಿಸುತ್ತ ಬಂದಿದೆ. ಅದೊಂದು ದೊಡ್ಡ ಉಪಕಾರ. ಆದರೆ ೧೯೫೩ರಲ್ಲಿ ಇರಾನಿನ ಮೊಸದ್ದೆಕ್ ಸರ್ಕಾರವನ್ನು ಉರುಳಿಸಿದ್ದರ ಬಗ್ಗೆ ೧೯೮೯ರಲ್ಲಿ ಬಂದ ಸಂಪುಟದಲ್ಲಿ, ಅಮೆರಿಕದ ಗೂಢಚಾರ ಸಂಸ್ಥೆಯ ಕೈವಾಡವೇ ಇರಲಿಲ್ಲ! ಅಲ್ಲಿನ ಚರಿತ್ರಕಾರರೇ ಪ್ರತಿಭಟಿಸಿದರು. ದಾಖಲೆಗಳು ಪೂರ್ಣವಾಗಿಯೂ ನಿಜವಾಗಿಯೂ ಇರಬೇಕೆಂದು ೧೯೯೧ರಲ್ಲಿ ಕಾನೂನು ಬಂತು. ಇರಾನಿನ ಹೊಸ ಸಂಪುಟ ೨೦೧೭ರಲ್ಲಿ ಹೊರಬಿತ್ತು. ತಮ್ಮ ಸರ್ಕಾರದ ಮುಚ್ಚುಮರೆಯನ್ನು ಅಲ್ಲಿನ ವಿದ್ವಾಂಸರೇ ಎದುರಿಸಿ ನಿಂತರೆಂಬುದನ್ನು ನಾವು ಗೌರವದಿಂದ ನೆನೆಯಬೇಕು. ಅಮೆರಿಕವೆಂದರೆ ಒಂದೇ ಮುಖವಲ್ಲ.

ಇನ್ನು ನಮ್ಮ ಊರಿನಲ್ಲಿ ಕೂತು ಇದನ್ನೆಲ್ಲ ಮಾಡುವುದು ಹೇಗೆ? ಹಿಂದೆ ಹಡಗು ಹತ್ತಬೇಕಿತ್ತು. ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಪತ್ರಿಕೆಗಳು, ಗುಲಾಮರಾಗಿದ್ದವರ ಹೇಳಿಕೆಗಳು, ರಾಷ್ಟ್ರೀಯ ಪತ್ರಾಗಾರದ ದಾಖಲೆಗಳು, ಯೇಲ್ ವಿಶ್ವವಿದ್ಯಾಲಯದವರು ಜೋಡಿಸಿಟ್ಟ ಶಾಸನಗಳು, ಘೋಷಣೆಗಳು, ಇವೆಲ್ಲ ಕಾಸಿಲ್ಲದೆ ಫೋನಿನಲ್ಲೇ ಸಿಗುತ್ತವೆ. ಇಂಗ್ಲಿಷು ಕಷ್ಟವೆಂದು ಹಿಂಜರಿಯಬೇಡಿ. ಓಡಿಹೋದ ಗುಲಾಮನ ಜಾಹೀರಾತು ನಾಲ್ಕೇ ಸಾಲು. ನಾಲ್ಕು ಜನ ಕೂತು, ಬಲ್ಲವರೊಬ್ಬರನ್ನು ಕರೆದು ಓದಿದರೆ ಒಂದು ಸಂಜೆಯ ಕೆಲಸ. ಒಂದು ವಿಷಯದ ಮೇಲೆ ಒಂದೇ ಪುಸ್ತಕ ಓದಿ ನಿಲ್ಲಬೇಡಿ. ಅದನ್ನು ಒಪ್ಪದವನ ಪುಸ್ತಕವನ್ನೂ ಓದಿ. ವಿಶ್ವಕೋಶವನ್ನು ಓದಿದರೆ ಅದರ ಕೊನೆಯಲ್ಲಿ ಕೊಟ್ಟ ಆಧಾರಗಳ ಪಟ್ಟಿಯಿಂದ ಮುಂದೆ ಹೋಗಿ. ಫೋನಿಗೆ ಬರುವ ಚಿತ್ರದ ಮೇಲೆ ದೊಡ್ಡವರ ಮುಖ ಮತ್ತು ಮಾತು ಇದ್ದರೆ, ದಿನಾಂಕ, ಸ್ಥಳ ಸಿಗುವವರೆಗೆ ಮುಂದೆ ಕಳಿಸಬೇಡಿ. ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಯಂತ್ರಗಳು ಈಗ ಬಂದಿವೆ. ಅವುಗಳ ಉತ್ತರಕ್ಕೂ ಇದೇ ನಿಯಮ.

ಕೊನೆಯದಾಗಿ, ನಮ್ಮವರ ಪುಸ್ತಕ. ಹವರ್ಡ್ ಜಿನ್ ೧೯೮೦ರಲ್ಲಿ ಬರೆದ ಅಮೆರಿಕದ ಜನತೆಯ ಚರಿತ್ರೆ ನಮ್ಮ ಗೆಳೆಯರಿಗೆಲ್ಲ ಪ್ರಿಯ. ನನಗೂ ಪ್ರಿಯ. ಆದರೆ ಅದರಲ್ಲಿ ಅಡಿಟಿಪ್ಪಣಿಗಳಿಲ್ಲ, ಕೊನೆಯಲ್ಲಿ ಪುಸ್ತಕಗಳ ಪಟ್ಟಿ ಮಾತ್ರ ಇದೆ. ಯಾವ ಮಾತು ಎಲ್ಲಿಂದ ಬಂತೆಂದು ನಾವೇ ಹುಡುಕಬೇಕು. ಡು ಬೊಯಿಸರ ಮಹಾಗ್ರಂಥವೂ ಹೆಚ್ಚಾಗಿ ಅಚ್ಚಾದ ವರದಿಗಳನ್ನೂ ಇತರರ ಪುಸ್ತಕಗಳನ್ನೂ ನೆಚ್ಚಿಕೊಂಡದ್ದು. ಪತ್ರಾಗಾರಗಳ ಕೈಬರಹದ ಕಡತಗಳು ಅದರಲ್ಲಿ ಕಡಿಮೆ. ಮುಂದಿನವರು ಆ ಕಡತಗಳಿಗೆ ಹೋದರು, ಅವರ ಮುಖ್ಯ ವಾದವನ್ನು ಗಟ್ಟಿ ಮಾಡಿದರು, ಕೆಲವು ವಿವರಗಳನ್ನು ತಿದ್ದಿದರು. ಪ್ರೀತಿಯ ಪುಸ್ತಕಕ್ಕೆ ನಾವು ಸಲ್ಲಿಸಬಹುದಾದ ಗೌರವ ಅದೇ.

ಬಡವರಿಗೆ ಹಣವಿಲ್ಲ, ಪತ್ರಿಕೆಯಿಲ್ಲ, ಅಧಿಕಾರವಿಲ್ಲ. ಅವರ ಪರವಾಗಿ ಮಾತಾಡುವವನಿಗೆ ಇರುವುದು ಮಾತಿನ ನಂಬಿಕೆಯೊಂದೇ. ಒಂದು ಖೋಟಾ ಮಾತು ಹಿಡಿದುಬಿದ್ದರೆ ಉಳಿದ ಹತ್ತು ನಿಜವಾದ ಮಾತುಗಳನ್ನೂ ಜನ ನಂಬುವುದಿಲ್ಲ. ಅದಕ್ಕೇ ನನ್ನ ಕೋರಿಕೆ ಇಷ್ಟು. ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದು ನೋಟುಬುಕ್ಕು ಇಡಿ. ಭಾಷಣದಲ್ಲಿ ಬಳಸುವ ಪ್ರತಿಯೊಂದು ಮಾತಿನ ಮುಂದೆ, ಹೇಳಿದವರು ಯಾರು, ಯಾವ ದಿನ, ಯಾರಿಗೆ, ಯಾವ ಪುಸ್ತಕದ ಯಾವ ಪುಟದಲ್ಲಿದೆ ಎಂದು ಬರೆದುಕೊಳ್ಳಿ. ಬರೆಯಲಾಗದಿದ್ದರೆ ಆ ಮಾತನ್ನು ಬಿಟ್ಟುಬಿಡಿ.

ಮುಂದಿನ ವರ್ಷದ ಮೇ ದಿನಕ್ಕೆ ನಾನು ಆ ಮೇಷ್ಟ್ರ ಮನೆಗೆ ಹೋಗಿ, ೧೮೬೧ರ ಡಿಸೆಂಬರ್ ೩ರ ಸಂದೇಶವನ್ನು ಬರೆದುಕೊಂಡ ಹಾಳೆಯನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಇದನ್ನ ಹೇಳು. ಕೊನೆಯ ಭಾಗ ಬಿಡದೆ ಹೇಳು" ಎಂದರು. ಆ ವರ್ಷ ಸಭೆಯಲ್ಲಿ ಪೂರ್ತಿ ಹೇಳಿದೆ. ಚಪ್ಪಾಳೆ ಸ್ವಲ್ಪ ಕಡಿಮೆಯೇ ಬಿತ್ತು. ಆದರೆ ಸಭೆ ಮುಗಿದ ಮೇಲೆ ಇಬ್ಬರು ಹುಡುಗರು ಬಂದು, ಅದು ಎಲ್ಲಿ ಸಿಗುತ್ತದೆ, ನಾವೂ ಓದಬೇಕು ಎಂದು ಕೇಳಿದರು. ಅವರಿಬ್ಬರೂ ಈ ಶಿಬಿರದಲ್ಲಿ ಕೂತಿದ್ದಾರೆ.